ಪಾತ್ರಕ್ಕೆ ಕಾಯಿಲೆಯ ಹೆಸರಿಟ್ಟರೆ ಸಾಲದು

ಮಾನ್ಯ ಸಂಪಾದಕರೇ,

ಈಚಿನ ಧಾರಾವಾಹಿ ಕಾದಂಬರಿಗಳಲ್ಲಿ ಪಾತ್ರವೊಂದು ವಿಚಿತ್ರವಾಗಿ ವರ್ತಿಸಿದರೆ ಅದಕ್ಕೊಂದು ಮಾನಸಿಕ ಕಾಯಿಲೆಯ ಹೆಸರಿಟ್ಟು ಲೇಖಕರು ಮುಂದಿನ ಕಂತಿಗೆ ದಾಟಿಬಿಡುತ್ತಾರೆ. ಬಾಲ್ಯದ ಆಘಾತವೊಂದಿದ್ದರಂತೂ ಎಲ್ಲಕ್ಕೂ ಸಮಜಾಯಿಷಿ ಸಿಕ್ಕಿತೆಂದೇ ಲೆಕ್ಕ. ಮನಃಶಾಸ್ತ್ರ ಓದಿಕೊಂಡಿದ್ದ ತ್ರಿವೇಣಿಯವರು (1928–1963) ‘ಶರಪಂಜರ’ದಲ್ಲಿ ಹಾಗೆ ಮಾಡಲಿಲ್ಲ. ಹೆರಿಗೆಯ ನಂತರ ಮನಸ್ಸಿನ ಹತೋಟಿ ತಪ್ಪಿದ ಕಾವೇರಿ ಆಸ್ಪತ್ರೆಯಿಂದ ಗುಣವಾಗಿ ಮರಳಿದ ಮೇಲೆಯೇ ಅಲ್ಲಿ ಕಥೆ ಬಿಗಿಯಾಗುತ್ತದೆ. ಅವಳು ಮತ್ತೆ ಕುಸಿಯುವುದಕ್ಕೆ ಕಾಯಿಲೆಗಿಂತ ಹೆಚ್ಚಾಗಿ ಸುತ್ತಲಿನವರ ನಡವಳಿಕೆಯೇ ಕಾರಣ.

ಚಿಕಿತ್ಸೆ ಮುಗಿಸಿ ಮನೆಗೆ ಬಂದ ನನ್ನ ಸೋದರತ್ತೆ ಒಂದು ದಿನ ಹಾಲು ಉಕ್ಕಿಸಿದರು. ಯಾರ ಮನೆಯಲ್ಲಿ ಹಾಲು ಉಕ್ಕುವುದಿಲ್ಲ? ಆದರೂ ನಾವೆಲ್ಲ ಒಬ್ಬರ ಮುಖವನ್ನೊಬ್ಬರು ನೋಡಿಕೊಂಡೆವು. ಅದನ್ನು ಕಂಡ ಅವರು ಅಂದಿನಿಂದ ಒಲೆಯ ಮುಂದೆ ಒಬ್ಬರೇ ನಿಲ್ಲುವುದನ್ನು ಬಿಟ್ಟರು. ರೋಗಲಕ್ಷಣಗಳ ಯಾವ ಪಟ್ಟಿಯಲ್ಲೂ ಇದು ಸಿಗುವುದಿಲ್ಲ. ಬರೆಯುವವರು ಮನೋವೈದ್ಯರೊಡನೆ ಖಂಡಿತ ಮಾತನಾಡಲಿ. ಜೊತೆಗೆ, ಕಾಯಿಲೆಯೊಂದಿಗೆ ವರ್ಷಗಟ್ಟಲೆ ಬದುಕಿದವರ ಬಳಿಯೂ, ಅವರ ಒಪ್ಪಿಗೆ ಪಡೆದು, ಒಂದಷ್ಟು ಹೊತ್ತು ಕೂರಲಿ. ಧಾರಾವಾಹಿಗಳನ್ನು ಆರಿಸುವಾಗ ತಮ್ಮ ಪತ್ರಿಕೆಯೂ ಈ ಶ್ರಮ ನಡೆದಿದೆಯೇ ಎಂದು ಗಮನಿಸಬೇಕೆಂದು ಕೋರುತ್ತೇನೆ.

– ಓದುಗರೊಬ್ಬರು, ಮೈಸೂರು