ಸೆಬಾಸ್ಟಿಯನ್ ನಿಜಕ್ಕೂ ಇದ್ದರೇ ಎಂದು ಕೇಳಿದ ಮಗಳಿಗೆ

ಪ್ರೀತಿಯ ಮಗಳೇ,

ಕೆಲಸ, ಬಾಡಿಗೆ ಮನೆಯ ವಿಷಯಕ್ಕೆ ನಿನ್ನಮ್ಮನೇ ಉತ್ತರ ಬರೆಯುತ್ತಾಳೆ. ನನ್ನ ನಿದ್ದೆ ಕೆಡಿಸಿದ್ದು ನಿನ್ನ ಕೊನೆಯ ಸಾಲು: ಹುತಾತ್ಮ ಸಂತ ಸೆಬಾಸ್ಟಿಯನ್ನರ ಕಥೆ ಅವರು ತೀರಿ ನೂರಾರು ವರ್ಷದ ಮೇಲೆ ಬರೆದದ್ದಾದರೆ, ಇಷ್ಟು ದಿನ ಇಲ್ಲದವರ ಮುಂದೆ ಮೊಣಕಾಲೂರಿದೆನೇ ಎಂದು.

ಇದ್ದರು ಮಗಳೇ. 354ರ ರೋಮ್ ಪಂಚಾಂಗದಲ್ಲಿ ಜನವರಿ 20ಕ್ಕೆ ಪೋಪ್ ಫೇಬಿಯನ್ ಜೊತೆ ಅವರ ಹೆಸರಿದೆ, ಸಮಾಧಿಯ ಜಾಗವೂ ಇದೆ. ಆಪ್ಪಿಯನ್ ರಸ್ತೆಯ ಆ ನೆಲದಡಿಯ ಸ್ಮಶಾನದ ಮೇಲೆ ಇಂದಿಗೂ ಅವರ ಬೆಸಿಲಿಕಾ, ಅಂದರೆ ದೊಡ್ಡ ಚರ್ಚು, ನಿಂತಿದೆ. ಅವರನ್ನು ಕೊಲ್ಲಿಸಿದ ಎನ್ನುವ ರೋಮ್ ಚಕ್ರವರ್ತಿ ಡಯೋಕ್ಲೇಶಿಯನ್ ಪಟ್ಟ ಬಿಟ್ಟದ್ದು 305ರಲ್ಲಿ. ಆ ಪಂಚಾಂಗ ಬರೆದದ್ದು ಕಂಡವರ ಮಕ್ಕಳು ಇನ್ನೂ ಬದುಕಿದ್ದ ಕಾಲದಲ್ಲಿ. 397ರಲ್ಲಿ ತೀರಿಕೊಂಡ ಮಿಲಾನಿನ ಬಿಷಪ್ ಸಂತ ಆಂಬ್ರೋಸ್, ಇವರು ನಮ್ಮೂರಿನವರು, ರೋಮಿಗೆ ಹೋಗಿ ಹುತಾತ್ಮರಾದರು ಎಂದಿದ್ದಾರೆ.

ಕಾವಲುಪಡೆಯ ಅಧಿಕಾರಿ, ಬಾಣಗಳು ಇವೆಲ್ಲ ಬಂದದ್ದು 5ನೇ ಶತಮಾನದಲ್ಲಿ ಬರೆದ ಅವರ ಜೀವನ ಚರಿತ್ರೆಯಲ್ಲಿ. ಅದರಲ್ಲೂ ಅವರು ಬಾಣದಿಂದ ಸಾಯುವುದಿಲ್ಲ. ಹೆಣ ಎತ್ತಲು ಬಂದ ವಿಧವೆ ಐರೀನ್ ಉಸಿರಿರುವುದು ಕಂಡು ಮನೆಗೊಯ್ದು ಆರೈಕೆ ಮಾಡುತ್ತಾಳೆ. ಚೇತರಿಸಿಕೊಂಡವರು ತಪ್ಪಿಸಿಕೊಂಡು ಹೋಗದೆ ಚಕ್ರವರ್ತಿಯೆದುರೇ ನಿಂತು ಗದರುತ್ತಾರೆ. ಆಗ ದೊಣ್ಣೆಯಿಂದ ಬಡಿದು ಕೊಂದು ಚರಂಡಿಗೆಸೆಯುತ್ತಾರೆ. ನಮ್ಮ ಕಾಲದ ಧರ್ಮೋಪದೇಶದಲ್ಲಿ ಕಂಬ, ಬಾಣ ಬಿಟ್ಟು ಬೇರೆ ಮಾತೇ ಇರಲಿಲ್ಲ. ಐರೀನಳ ಹೆಸರು ಕೇಳದೆಯೇ ಬೆಳೆದೆನಲ್ಲ ಎಂಬ ನೋವು ಈಗಲೂ ಇದೆ.

ನಿನ್ನ ಭಯ ಮತ್ತೆ ಮತ್ತೆ ನೆನಪಾಗುತ್ತದೆ. 1969ರಲ್ಲಿ ಕ್ಯಾಥೊಲಿಕ್ ಚರ್ಚಿನ ಹಬ್ಬಗಳ ಸಾಮಾನ್ಯ ಪಂಚಾಂಗ ತಿದ್ದಿದಾಗ ಸಂತ ಬಾರ್ಬರಾರ ಹಬ್ಬ ಕೈಬಿಟ್ಟರು, ಸೆಬಾಸ್ಟಿಯನ್ನರದು ಉಳಿಯಿತು. ಅವರ ಸಮಾಧಿ ಅಷ್ಟು ಗಟ್ಟಿ ಸಾಕ್ಷಿ. ಬಾಣ ಕಂಡರೆ ಬೈಬಲಿನ ಕೀರ್ತನೆ 91 ತೆಗೆದು ನೋಡು: ಹಗಲಲ್ಲಿ ಹಾರುವ ಬಾಣದ ಬೆನ್ನಿಗೇ ವ್ಯಾಧಿಯ ಮಾತಿದೆ. ಪ್ಲೇಗ್ ಬಂದಾಗ ಜನ ಇವರ ಮೊರೆಹೊಕ್ಕದ್ದು ಸುಮ್ಮನೆ ಅಲ್ಲ. 680ರ ಪ್ಲೇಗಿನಲ್ಲಿ ಇಟಲಿಯ ಪಾವಿಯಾದವರು ಇವರಿಗೆ ಬಲಿಪೀಠ ಕಟ್ಟಿದ್ದರು.

ಹೇಳಬಹುದೋ ಇಲ್ಲವೋ, ಹಬ್ಬದ ಮುಂಚಿನ ಒಂಬತ್ತು ದಿನದ ಪ್ರಾರ್ಥನೆ, ನೊವೇನಾ, ಜನವರಿ 11ಕ್ಕೇ ಶುರುಮಾಡು. 12ಕ್ಕೆ ಹಿಡಿದರೆ ಒಂಬತ್ತನೆಯ ದಿನ ಹಬ್ಬದ ಮೇಲೇ ಬೀಳುತ್ತದೆ. 20 ಭಾನುವಾರವಾದರೆ ಆ ದಿನದ ಪೂಜೆಯೇ ಮುಂದು, ಮಂಗಳೂರಿನ ಬೆಂದೂರಿನ ಹಾಗೆ ಅವರ ಹೆಸರಿನದೇ ಚರ್ಚಾದರೆ ಮಾತು ಬೇರೆ. ನಿನ್ನ ಚರ್ಚಿನ ಫಾದರನ್ನು ಮೊದಲೇ ಕೇಳಿಕೊ. ಮಕ್ಕಳಿಗೆ ಪಾಠ ಹೇಳುವಾಗ ಪಂಚಾಂಗದ್ದು ಇಷ್ಟು, ಚರಿತ್ರೆಯದ್ದು ಇಷ್ಟು ಎಂದು ಬಿಡಿಸಿ ಹೇಳು, ಐರೀನಳನ್ನು ಮಾತ್ರ ಬಿಡಬೇಡ.

ನಿನ್ನ ದೊಡ್ಡಪ್ಪ