ಸರ್ವರ್ ಬದಲಿಸುವ ಮೊದಲು ಅಳೆದು ನೋಡಿ

ಮಾನ್ಯರೇ,

ಫೈಲ್ ಸರ್ವರ್ ನಿಧಾನವಾದರೆ ಹೊಸ ಯಂತ್ರ ಕೊಳ್ಳಿ ಎಂಬ ಸಲಹೆಯನ್ನು ನಿಮ್ಮ ತಂತ್ರಜ್ಞಾನ ಪುಟದಲ್ಲಿ ಓದಿದೆ. ಕಚೇರಿಯೊಂದರ ಲಿನಕ್ಸ್ ಸರ್ವರ್ ನೋಡಿಕೊಳ್ಳುವ ನನಗೆ ಇದನ್ನು ಒಪ್ಪಲು ಆಗುತ್ತಿಲ್ಲ.

ಕಳೆದ ತಿಂಗಳು ನಮ್ಮಲ್ಲೂ ಇದೇ ಗೋಳು. ಸಾಂಬಾ (ಲಿನಕ್ಸ್ ಸರ್ವರಿನ ಫೈಲುಗಳನ್ನು ಬೇರೆ ಕಂಪ್ಯೂಟರುಗಳಿಗೆ ಹಂಚುವ ತಂತ್ರಾಂಶ) ಫೋಲ್ಡರಿನಿಂದ ದೊಡ್ಡ ಫೈಲ್ ಕಾಪಿ ಮಾಡಿದರೆ ಸೆಕೆಂಡಿಗೆ 11 ಮೆಗಾಬೈಟ್. ಅದಕ್ಕಿಂತ ಮೇಲೆ ಏರುತ್ತಲೇ ಇರಲಿಲ್ಲ. ಆ 11ರಲ್ಲೇ ಉತ್ತರ ಇತ್ತು. ಗಿಗಾಬಿಟ್ ನೆಟ್‌ವರ್ಕಿನಲ್ಲಿ ಸುಮಾರು 110 ಬರಬೇಕು (ಗಿಗಾಬಿಟ್ ಎಂದರೆ ಸೆಕೆಂಡಿಗೆ 1000 ಮೆಗಾಬಿಟ್, ಎಂಟು ಬಿಟ್ ಸೇರಿದರೆ ಒಂದು ಬೈಟ್). 11ರಲ್ಲೇ ನಿಂತರೆ ನೆಟ್‌ವರ್ಕ್ ಸಂಪರ್ಕದ ವೇಗ 100 ಮೆಗಾಬಿಟ್‌ಗೆ ಇಳಿದಿದೆಯೇ ಎಂದು ಮೊದಲು ನೋಡಬೇಕು. ಸಂಪರ್ಕದ ವೇಗ ತೋರಿಸುವ ಈಥ್‌ಟೂಲ್ ಎಂಬ ಆದೇಶ ಓಡಿಸಿದೆ. 100 ಎಂದೇ ತೋರಿಸಿತು. ಗಿಗಾಬಿಟ್‌ಗೆ ಕೇಬಲ್ಲಿನ ನಾಲ್ಕೂ ಜೋಡಿ ತಂತಿ ಬೇಕು, 100ಕ್ಕೆ ಎರಡೇ ಜೋಡಿ ಸಾಕು. ಹಾಗಾಗಿ ಉಳಿದೆರಡು ಜೋಡಿಯಲ್ಲಿ ಒಂದು ತಂತಿ ಹೋದರೆ ಸಾಮಾನ್ಯವಾಗಿ ಸಂಪರ್ಕ ಕಡಿಯುವುದಿಲ್ಲ, ವೇಗ ಮಾತ್ರ ಬಿದ್ದುಹೋಗುತ್ತದೆ. ಮೇಜಿನ ಕಾಲಿನಡಿ ಸಿಕ್ಕಿ ನಲುಗಿದ್ದ ಕೇಬಲ್ ಬದಲಿಸಿದೆ.

ಆಮೇಲೂ ವೇಗ 40ರ ಆಸುಪಾಸಿನಲ್ಲೇ ನಿಂತಿತು. ನೆಟ್‌ವರ್ಕ್ ವೇಗ ಅಳೆಯುವ ಐಪರ್ಫ್3 ತಂತ್ರಾಂಶದಲ್ಲಿ ಬರೀ ನೆಟ್‌ವರ್ಕ್ ಅಳೆದರೆ 940 ಮೆಗಾಬಿಟ್, ಅಲ್ಲೇನೂ ತೊಂದರೆ ಇಲ್ಲ. ಸರ್ವರಿನ ಒಳಗೇ ಡಿಸ್ಕ್ ಓದಿಸಿದೆ. ಅದೂ ಸರಿಯಿತ್ತು. (ಇದಕ್ಕೆ ರ‍್ಯಾಮ್‌ಗಿಂತ ದೊಡ್ಡ ಫೈಲ್ ಬೇಕು. ಇಲ್ಲದಿದ್ದರೆ ಎರಡನೇ ಸಲ ಅಳೆಯುವುದು ಡಿಸ್ಕನ್ನಲ್ಲ, ಮೆಮೊರಿಯನ್ನು.) ಉಳಿದದ್ದು ಸಾಂಬಾ. ಅದರ ಕಾನ್ಫಿಗ್ ಫೈಲಿನಲ್ಲಿ ಸಾಕೆಟ್ ಬಫರನ್ನು (ನೆಟ್‌ವರ್ಕಿನಲ್ಲಿ ಹೋಗಿ ಬರುವ ಮಾಹಿತಿಗೆ ಮೆಮೊರಿಯಲ್ಲಿ ಇಡುವ ತಾತ್ಕಾಲಿಕ ಜಾಗ) 8192 ಬೈಟ್‌ಗೆ ಕಟ್ಟಿಹಾಕಿದ ಹಳೆಯ ಸಾಲೊಂದಿತ್ತು. ವೇಗ ಹೆಚ್ಚಲಿ ಅಂತಲೇ ಯಾರೋ ಸೇರಿಸಿದ್ದು. ಈಗಿನ ಲಿನಕ್ಸ್ ಬಫರನ್ನು ತಾನೇ ಹೊಂದಿಸಿಕೊಳ್ಳುತ್ತದೆ. ಆ ಸಾಲು ಅದನ್ನು ತಡೆಯುತ್ತಿತ್ತು. ತೆಗೆದ ಮೇಲೆ 108 ಬಂತು.

ಸಾವಿರಾರು ಚಿಕ್ಕ ಫೈಲುಗಳ ಕಾಪಿ ಈಗಲೂ ನಿಧಾನವೇ. ಪ್ರತಿ ಫೈಲಿಗೂ ತೆರೆ, ವಿವರ ಕೇಳು, ಮುಚ್ಚು ಎಂದು ಹಲವು ಸಲ ಹೋಗಿ ಬರಬೇಕಲ್ವಾ? ಅಂಥವನ್ನು ಒಂದೇ ಜಿಪ್ ಮಾಡಿ ಕಳಿಸಿ ಎಂದು ಜೊತೆಯವರಿಗೆ ಹೇಳಿದ್ದೇನೆ.

ನಮ್ಮಲ್ಲಿ ಹೊಸ ಯಂತ್ರ ತಂದಿದ್ದರೂ ಅದಕ್ಕೆ ಅದೇ ನಲುಗಿದ ಕೇಬಲ್ ಸಿಕ್ಕಿಸುತ್ತಿದ್ದರು, ಅದೇ ಕಾನ್ಫಿಗ್ ಫೈಲ್ ಹಾಕುತ್ತಿದ್ದರು. ದಯವಿಟ್ಟು ಆ ಪುಟದಲ್ಲಿ ಕೇಬಲ್, ಡಿಸ್ಕ್, ಸಾಂಬಾ ಬೇರೆಬೇರೆಯಾಗಿ ಅಳೆಯುವ ಬಗೆಯನ್ನೂ ಬರೆಸಿ.

– ಒಬ್ಬ ಓದುಗ