ಕರಾರಿನಲ್ಲಿ ‘ಇಫ್’ ಬರೆಯುವಾಗ

ಚಿ. ಸುಮಾಳಿಗೆ ದೊಡ್ಡಪ್ಪನ ಆಶೀರ್ವಾದಗಳು.

ನಾವೆಲ್ಲ ಇಲ್ಲಿ ಕ್ಷೇಮ. ನೀನು ವಾಟ್ಸಾಪಿನಲ್ಲಿ ಕಳಿಸಿದ ಬಾಡಿಗೆ ಕರಾರಿನ ಕರಡನ್ನು ಪ್ರಿಂಟ್ ತೆಗೆಸಿ ಓದಿದೆ. ಪರದೆಯ ಮೇಲೆ ಓದಿದರೆ ನನ್ನ ಕಣ್ಣಿಗೆ ತಪ್ಪೇ ಬೀಳುವುದಿಲ್ಲ. ಕಚೇರಿ ಸೇರಿದ ಹೊಸತರಲ್ಲೇ ಸೀನಿಯರ್ ನಿನ್ನ ಕೈಗೆ ಕರಡು ಕೊಟ್ಟಿದ್ದಾರೆಂದರೆ ಭರವಸೆ ಇದೆ ಎಂದೇ ಅರ್ಥ. ಇಂಗ್ಲಿಷೂ ಚೆನ್ನಾಗಿದೆ. ಆದರೆ ಷರತ್ತು ಬಂದಲ್ಲೆಲ್ಲ ಎಡವಿದ್ದೀಯ. ಕರಾರಿನಲ್ಲಿ ಷರತ್ತು ಬಿಟ್ಟರೆ ಇನ್ನೇನಿರುತ್ತದೆ ಹೇಳು?

ನಾಲ್ಕನೇ ಕಲಂ ನೋಡು. ‘ಇಫ್ ದ ಟೆನೆಂಟ್ ವಿಲ್ ನಾಟ್ ಪೇ ದ ರೆಂಟ್’ ಅಂತ ಬರೆದಿದ್ದೀಯ. ಮುಂದೆ ನಡೆಯುವ ಸಂಗತಿಯಲ್ಲವೇ, ‘ವಿಲ್’ ಇರಲಿ ಎಂದುಕೊಂಡಿರಬೇಕು. ಆದರೆ ‘ಇಫ್’ ಇರುವ ಭಾಗಕ್ಕೆ ‘ವಿಲ್’ ಬಂತೆಂದರೆ ಅದು ಸಾಮಾನ್ಯವಾಗಿ ಕಾಲದ ಮಾತಾಗುವುದಿಲ್ಲ, ಮನಸ್ಸಿನ ಮಾತಾಗುತ್ತದೆ. ಬಾಡಿಗೆದಾರ ಕೊಡಲು ಒಪ್ಪದಿದ್ದರೆ, ಹಟ ಹಿಡಿದರೆ ಎಂಬ ಅರ್ಥ ಹೊರಡುತ್ತದೆ. ನಾಳೆ ಕೆಲಸ ಕಳೆದುಕೊಂಡು ಬಾಡಿಗೆ ಕಟ್ಟಲಾಗದವನ ಪರವಾಗಿ ವಕೀಲನೊಬ್ಬ ಎದ್ದು, ‘ನನ್ನ ಕಕ್ಷಿದಾರ ಕೊಡೋದಿಲ್ಲ ಅಂದೇ ಇಲ್ಲ ಸ್ವಾಮಿ, ಕೊಡೋಕಾಗಲಿಲ್ಲ ಅಷ್ಟೇ’ ಎಂದರೆ? ನ್ಯಾಯಾಧೀಶರು ಒಪ್ಪಲಿಕ್ಕಿಲ್ಲ. ಆದರೂ ಅಂಥ ವಾದಕ್ಕೆ ಎಡೆ ಕೊಟ್ಟವಳು ನೀನಾಗುತ್ತೀಯ. ‘ಇಫ್ ದ ಟೆನೆಂಟ್ ಡಸ್ ನಾಟ್ ಪೇ’ ಅಂತ ಬರೆ. ಬಿಗಿ ಸಾಲದು ಎನಿಸಿದರೆ ‘ಫೇಲ್ಸ್ ಟು ಪೇ’. ‘ವಿಲ್’, ‘ಶಲ್’ ಎಲ್ಲ ಫಲ ಹೇಳುವ ಭಾಗಕ್ಕೆ.

ನಮಗಿದು ಹೊಸತೇನಲ್ಲ. ‘ನಾಳೆ ಮಳೆ ಬಂದರೆ’ ಎನ್ನುವಾಗ ಮಾತು ನಾಳೆಯದು, ರೂಪ ಮಾತ್ರ ‘ಬಂದ’ ಎಂಬುದರ ಮೇಲೆ ಕೂತಿದೆ. ಷರತ್ತಿಗೆ ಭವಿಷ್ಯದ ಪ್ರತ್ಯಯ ಹಚ್ಚುವ ಚಾಳಿ ಕನ್ನಡಕ್ಕೂ ಇಲ್ಲ.

ನನ್ನ ಮಾತು ಸಾಲದಿದ್ದರೆ 1872ರ ಕಾಂಟ್ರಾಕ್ಟ್ ಆಕ್ಟ್ ತೆಗೆ. 31ರಿಂದ 36ರವರೆಗಿನ ಸೆಕ್ಷನ್ನುಗಳು ಪೂರಾ ಷರತ್ತಿನ ಕರಾರಿನವೇ. ನೀನು ಪರೀಕ್ಷೆಗೆ ಓದಿದ್ದು ಕಾನೂನಿಗಾಗಿ. ಈಗ ಒಮ್ಮೆ ವ್ಯಾಕರಣಕ್ಕಾಗಿ ಓದು. 31ರ ಉದಾಹರಣೆಯಲ್ಲಿ, ಬಿ ಎಂಬವನ ಮನೆ ಸುಟ್ಟುಹೋದರೆ ಎ ಅವನಿಗೆ 10,000 ರೂಪಾಯಿ ಕೊಡುವ ಕರಾರಿದೆ. ಸುಡುವುದಿದ್ದರೆ ಮುಂದೆಂದೋ, ಆದರೂ ಅಲ್ಲಿರುವುದು ‘ಇಫ್ ಬೀಸ್ ಹೌಸ್ ಈಸ್ ಬರ್ನ್ಟ್’. 32ರಲ್ಲಿ ಕುದುರೆ ಕೊಳ್ಳುವವನ ಷರತ್ತು ‘ಇಫ್ ಎ ಸರ್ವೈವ್ಸ್ ಸಿ’. ಬ್ರಿಟಿಷರ ಕಾಲದ ಕಾನೂನಿನ ಭಾಷೆ ಎಂದರೆ ಉದ್ದುದ್ದ, ಗಂಟುಗಂಟು ಎನ್ನುವವರಿಗೆ ನಾನು ಈ ಪುಟಗಳನ್ನೇ ತೋರಿಸುವುದು.

ಆರನೇ ಕಲಂ ಓದಿ ನಿನ್ನ ದೊಡ್ಡಮ್ಮ ನಕ್ಕಳು. ‘ಅನ್‌ಲೆಸ್ ದ ಟೆನೆಂಟ್ ಡಸ್ ನಾಟ್ ಡ್ಯಾಮೇಜ್ ದ ಪ್ರಾಪರ್ಟಿ’ ಡಿಪಾಸಿಟ್ ಹಿಂತಿರುಗಿಸತಕ್ಕದ್ದು ಎಂದಿದ್ದೀಯ. ‘ಅನ್‌ಲೆಸ್’ ಒಳಗೇ ಇಲ್ಲ ಎಂಬುದು ಅಡಗಿದೆ. ಮೇಲೊಂದು ‘ನಾಟ್’ ಸೇರಿಸಿದ್ದರಿಂದ ಮನೆ ಹಾಳು ಮಾಡಿದವನಿಗೆ ಅಡ್ವಾನ್ಸ್ ವಾಪಸ್, ಜೋಪಾನವಾಗಿ ಇಟ್ಟುಕೊಂಡವನಿಗೆ ನಾಮ! ‘ನಾಟ್’ ತೆಗೆದುಹಾಕು, ಸರಿಹೋಗುತ್ತದೆ.

ಒಂಬತ್ತರಲ್ಲಿ ಟ್ಯಾಂಕ್ ಸೋರಿದರೆ ಪ್ಲಂಬರನ್ನು ಕರೆಸಬೇಕು ಎನ್ನಲು ‘ಇನ್ ಕೇಸ್’ ಹಾಕಿದ್ದೀಯ. ನಮ್ಮ ಕಡೆ ಎಲ್ಲರೂ ಹಾಗೇ ಬರೆಯುತ್ತಾರೆ, ಗೊತ್ತು. ಆದರೆ ‘ಇನ್ ಕೇಸ್ ದ ಟ್ಯಾಂಕ್ ಲೀಕ್ಸ್’ ಎಂದರೆ ಎಲ್ಲಿ ಸೋರೀತೋ ಎಂದು ಮುಂಚೆಯೇ ಕರೆಸಿಟ್ಟುಕೋ ಅಂತಲೂ ಓದಬಹುದು. ಕರಾರಿನಲ್ಲಿ ಎರಡು ಅರ್ಥ ಬೇಡ, ‘ಇಫ್’ ಸಾಕು. ‘ಪ್ರೊವೈಡೆಡ್ ದಟ್’ ಅನ್ನು ಮಾತ್ರ ‘ಮತ್ತು’ ಎಂಬಂತೆ ಬಳಸಬೇಡ. ಮೇಲೆ ಕೊಟ್ಟಿದ್ದಕ್ಕೆ ಮಿತಿ ಹಾಕುವಾಗ ಅದು ಬರಬೇಕು, ಹೊಸ ವಿಷಯ ತುರುಕಲು ಅಲ್ಲ.

ಸೀನಿಯರ್‌ಗೆ ಬರೆದ ಮೇಲ್‌ನಲ್ಲಿ ‘ಇಫ್ ಐ ವುಡ್ ಹ್ಯಾವ್ ನೋನ್’ ಇದೆ. ‘ಇಫ್ ಐ ಹ್ಯಾಡ್ ನೋನ್’ ಮಾಡು. ‘ಇಫ್ ಐ ವಾಸ್’ ಎಂದದ್ದನ್ನು ಹಾಗೇ ಬಿಟ್ಟರೂ ಈಗ ಯಾರೂ ಜಗಳಕ್ಕೆ ಬರುವುದಿಲ್ಲ. ನನಗೆ ‘ವರ್’ ಇಷ್ಟ, ಹಳೇ ಅಭ್ಯಾಸ.

ತಿದ್ದಿದ ಪ್ರತಿಯನ್ನು ಸ್ಟಾಂಪ್ ಪೇಪರಿಗೆ ಏರಿಸುವ ಮೊದಲು ನನಗೊಮ್ಮೆ ಕಳಿಸು. ನಿಮ್ಮಪ್ಪನಿಗೆ ಕಾಫಿಪುಡಿ ಬಸ್ಸಿಗೆ ಹಾಕಿದ್ದೇನೆ ಎಂದು ಹೇಳು.

ಇಂತಿ ನಿನ್ನ
ದೊಡ್ಡಪ್ಪ